ಹರಳಿನ ಬೆಳಕನ್ನು ಅಳೆಯುವ ಬಗೆ

(ಶಾಲೆಯ ವಿಜ್ಞಾನ ಸಂಘದ ಆಶ್ರಯದಲ್ಲಿ ನಡೆದ ಸಭೆಯಲ್ಲಿ ಮಾಡಿದ ಭಾಷಣ)



ಮಾತಿಗೆ ತೊಡಗುವ ಮುನ್ನ ಒಂದು ಸಣ್ಣ ಕೆಲಸವಿದೆ. ಈ ಮೇಜಿನ ಮೇಲೆ ನೀವು ಕಾಣುತ್ತಿರುವ ಅಲ್ಯೂಮಿನಿಯಂ ಡಬ್ಬಿಯೊಳಗೆ ಎರಡು ಅಂಗುಲ ವ್ಯಾಸವೂ ಎರಡು ಅಂಗುಲ ಎತ್ತರವೂ ಉಳ್ಳ ಒಂದು ಹರಳು ಅಡಗಿದೆ. ಅದರ ಮಗ್ಗುಲಲ್ಲಿರುವ ಪೊಟ್ಟಣದಲ್ಲಿ ಇಂದು ಬೆಳಿಗ್ಗೆ ಪೇಟೆಯ ಗೊಬ್ಬರದ ಅಂಗಡಿಯಿಂದ ತಂದ ಅರ್ಧ ಕಿಲೋ ಪೊಟ್ಯಾಷ್ ಇದೆ. ನಿಮ್ಮ ತಂದೆಯವರು ಅಡಿಕೆ ಮರದ ಬುಡಕ್ಕೆ ಹಾಕುವುದು ಇದನ್ನೇ. ಎರಡನ್ನೂ ಸೀಸದ ಇಟ್ಟಿಗೆಗಳ ನಡುವೆ ಇರಿಸಿ, ಎಣಿಕೆಯ ಯಂತ್ರವನ್ನು ಈಗ ಚಾಲೂ ಮಾಡುತ್ತಿದ್ದೇವೆ. ಅದು ತನ್ನಷ್ಟಕ್ಕೆ ಎಣಿಸುತ್ತಿರಲಿ. ನಮ್ಮ ಮಾತು ಮುಗಿಯುವ ಹೊತ್ತಿಗೆ ಅದರ ಲೆಕ್ಕವೂ ಒಂದು ಹದಕ್ಕೆ ಬಂದಿರುತ್ತದೆ.

ಈ ಶಾಲೆಯ ಬೆಂಚುಗಳಲ್ಲಿಯೇ ಕುಳಿತು ಕಲಿತ ನಾವು ಮುಂದೆ ಪ್ರಯೋಗಶಾಲೆಯೊಂದರಲ್ಲಿ ಇಂತಹ ಹರಳುಗಳನ್ನು ಪರೀಕ್ಷಿಸುವ ಕೆಲಸದಲ್ಲಿ ಬಹುಕಾಲವನ್ನು ಕಳೆದೆವು. ಈ ವಿಷಯವನ್ನು ಕನ್ನಡದಲ್ಲಿಯೇ ಹೇಳಬೇಕೆಂದು ಕಾರ್ಯದರ್ಶಿಗಳು ಕೇಳಿದಾಗ ನಮಗೆ ಸ್ವಲ್ಪ ಅಳುಕಾದದ್ದು ನಿಜ. ಇಷ್ಟು ವರ್ಷಗಳ ಕಾಲ ಇದನ್ನು ಇಂಗ್ಲಿಷಿನಲ್ಲಿ ಮಾತ್ರ ಬರೆದು, ಇಂಗ್ಲಿಷಿನಲ್ಲಿ ಮಾತ್ರ ಜಗಳವಾಡಿದ್ದೆವು. ಆದರೆ ಕಾಗದದ ಮೇಲೆ ಬರೆಯತೊಡಗಿದಾಗ, ನಮಗೆ ಚೆನ್ನಾಗಿ ತಿಳಿದಿದ್ದುದೆಲ್ಲ ಕನ್ನಡದಲ್ಲಿ ಸಲೀಸಾಗಿ ಬಂದಿತು. ಅರೆಬರೆ ತಿಳಿದಿದ್ದೆಡೆಯಲ್ಲಿ ಮಾತ್ರ ಲೇಖನಿ ತಡೆಯಿತು. ಅಂತಹ ಎಡೆಗಳಲ್ಲಿ ಮತ್ತೆ ಪುಸ್ತಕ ತೆರೆದು ಓದಿಕೊಂಡೆವು.

ಡಬ್ಬಿಯೊಳಗಿನ ಹರಳಿನ ಹೆಸರು ಸೋಡಿಯಂ ಅಯೊಡೈಡ್. ನಮ್ಮ ಅಡುಗೆಯ ಉಪ್ಪಿಗೆ ಇದು ದಾಯಾದಿ. ಕ್ಲೋರಿನ್ ಇರುವ ಸ್ಥಾನದಲ್ಲಿ ಇಲ್ಲಿ ಅಯೊಡಿನ್ ಕುಳಿತಿದೆ. ಅದಕ್ಕೆ ಸುಮಾರು ಸಾವಿರಕ್ಕೆ ಒಂದು ಪಾಲಿನಷ್ಟು ಥ್ಯಾಲಿಯಂ ಎಂಬ ಲೋಹವನ್ನು ಬೆರೆಸಿದ್ದಾರೆ. ವಿಕಿರಣವು ಬಂದು ತಾಗಿದೊಡನೆ ಈ ಹರಳು ಒಂದು ಕ್ಷಣ ಮಿನುಗುತ್ತದೆ. ಈ ಮಿನುಗನ್ನು ಸ್ಫುರಣವೆಂದೂ, ಮಿನುಗುವ ಪದಾರ್ಥವನ್ನು ಸ್ಫುರಕವೆಂದೂ ಕರೆಯೋಣ. ಸ್ಫುರಕಗಳಲ್ಲಿ ಇಂಗಾಲದ ಸಂಯುಕ್ತಗಳಿಂದಾದ ಸಾವಯವ ಜಾತಿಯೊಂದುಂಟು; ನೀಲಗಿರಿಯ ಊಟಿಯಲ್ಲಿ ವಿಶ್ವಕಿರಣಗಳನ್ನು ಹಿಡಿಯಲು ಹರಡಿಟ್ಟಿರುವ ನೂರಾರು ಪ್ಲಾಸ್ಟಿಕ್ ಹಾಳೆಗಳು ಆ ಜಾತಿಯವು. ಇಂದು ನಾವು ಹೇಳಹೊರಟಿರುವುದು ಉಪ್ಪಿನ ಕುಲದ, ಲೋಹಗಳನ್ನೊಳಗೊಂಡ ನಿರವಯವ ಹರಳುಗಳ ವಿಚಾರ. ಅವು ಭಾರವಾದುದರಿಂದ ಗಾಮಾ ಕಿರಣಗಳನ್ನು ಚೆನ್ನಾಗಿ ತಡೆಯಬಲ್ಲವು.

ಹರಳು ಮಿನುಗುತ್ತದೆಯೆಂಬುದು ಸರಿ. ಎಷ್ಟು ಮಿನುಗಿತು ಎಂಬುದನ್ನು ಹೇಳುವವರು ಯಾರು? ನಮ್ಮ ಮಾತೆಲ್ಲ ಈ ಒಂದು ಪ್ರಶ್ನೆಯ ಸುತ್ತ.

ಮೊದಲು ಹೇಳಿದ್ದು ಮನುಷ್ಯನ ಕಣ್ಣು. ೧೯೦೩ರಲ್ಲಿ ವಿಲಿಯಂ ಕ್ರೂಕ್ಸರು ಸತುವಿನ ಸಲ್ಫೈಡ್ ಬಳಿದ ಪರದೆಯ ಮುಂದೆ ರೇಡಿಯಂನ ಒಂದು ಕಣವನ್ನಿಟ್ಟು, ಭೂತಗನ್ನಡಿಯಿಂದ ನೋಡಿ, ಪರದೆಯ ಹೊಳಪು ಬಿಡಿಬಿಡಿಯಾದ ಕಿಡಿಗಳಿಂದ ಕೂಡಿದ್ದೆಂದು ಕಂಡುಕೊಂಡರು. ಮ್ಯಾಂಚೆಸ್ಟರಿನಲ್ಲಿ ರುದರ್‌ಫೋರ್ಡರ ಶಿಷ್ಯರಾದ ಗೈಗರ್ ಮತ್ತು ಮಾರ್ಸ್‌ಡೆನ್ನರು ೧೯೦೯ರಲ್ಲಿ ಚಿನ್ನದ ರೇಕಿನಿಂದ ಹಿಂದಕ್ಕೆ ಚಿಮ್ಮಿದ ಆಲ್ಫಾ ಕಣಗಳನ್ನು ಎಣಿಸಿದ್ದು ಇಂತಹ ಕಿಡಿಗಳ ಮೂಲಕವೇ. ಪರಮಾಣುವಿಗೆ ಒಂದು ನ್ಯೂಕ್ಲಿಯಸ್ ಉಂಟೆಂದು ಲೋಕಕ್ಕೆ ತಿಳಿದದ್ದು ಆ ಎಣಿಕೆಯಿಂದ. ಎಣಿಸುವವರು ಮೊದಲು ಕತ್ತಲೆ ಕೋಣೆಯಲ್ಲಿ ಅರ್ಧ ಗಂಟೆ ಸುಮ್ಮನೆ ಕುಳಿತು ಕಣ್ಣನ್ನು ಹದಗೊಳಿಸಬೇಕಾಗಿತ್ತು. ಎಣಿಕೆ ಆರಂಭವಾದ ಮೇಲೆ ನಿಮಿಷಕ್ಕೊಮ್ಮೆ ಆಳು ಬದಲಾಗಬೇಕಾಗಿತ್ತು. ಸ್ವತಃ ರುದರ್‌ಫೋರ್ಡರಿಗೆ ಇದಕ್ಕೆ ತಾಳ್ಮೆ ಸಾಲದೆ, ಎರಡೇ ನಿಮಿಷದಲ್ಲಿ ಬೈದುಕೊಂಡು ಎದ್ದು, ಕೆಲಸವನ್ನು ಗೈಗರರಿಗೆ ಬಿಟ್ಟುಕೊಟ್ಟರಂತೆ.

ಆ ಕಣ್ಣಿನ ದೋಷ ಬಯಲಾದ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ೧೯೨೦ರ ದಶಕದಲ್ಲಿ ವಿಯೆನ್ನಾದ ರೇಡಿಯಂ ಸಂಸ್ಥೆಯ ಪೆಟರ್ಸನ್ ಮತ್ತು ಕಿರ್ಷ್ ಎಂಬ ವಿಜ್ಞಾನಿಗಳು ಹಗುರ ಪರಮಾಣುಗಳು ಆಲ್ಫಾ ಕಣಗಳ ಏಟಿಗೆ ಒಡೆಯುವುದನ್ನು ಎಣಿಸುತ್ತಿದ್ದರು. ಅವರ ಎಣಿಕೆಗೂ ಕೇಂಬ್ರಿಜಿನ ಎಣಿಕೆಗೂ ತಾಳೆಯೇ ಬೀಳುತ್ತಿರಲಿಲ್ಲ. ಕೇಂಬ್ರಿಜಿನವರು ಕಾಣದಿದ್ದ ಕಿಡಿಗಳನ್ನು ವಿಯೆನ್ನಾದವರು ಹೇರಳವಾಗಿ ಕಾಣುತ್ತಿದ್ದರು. ವರ್ಷಗಟ್ಟಲೆ ಪತ್ರಿಕೆಗಳಲ್ಲಿ ವಾದ ನಡೆಯಿತು. ಕೊನೆಗೆ ೧೯೨೭ರ ಡಿಸೆಂಬರಿನಲ್ಲಿ ಚಾಡ್ವಿಕ್ಕರು ತಾವೇ ವಿಯೆನ್ನಾಕ್ಕೆ ಹೋದರು. ಅಲ್ಲಿ ಕಿಡಿಗಳನ್ನು ಎಣಿಸುತ್ತಿದ್ದವರು ತರುಣಿಯರು. ಯಾವ ಪ್ರಯೋಗದಲ್ಲಿ ಎಷ್ಟು ಕಿಡಿಗಳು ಬರಬೇಕೆಂಬುದು ಅವರಿಗೆ ಮೊದಲೇ ತಿಳಿದಿರುತ್ತಿತ್ತು. ಚಾಡ್ವಿಕ್ಕರು ಮಾಡಿದ್ದು ಇಷ್ಟೆ: ಯಂತ್ರದ ಏರ್ಪಾಟನ್ನು ತಾವೇ ಬದಲಿಸುತ್ತ, ಏನು ಬದಲಿಸಿದೆವೆಂಬುದನ್ನು ಎಣಿಸುವವರಿಗೆ ಹೇಳದೆ ಇದ್ದರು. ಹೆಚ್ಚಿನ ಕಿಡಿಗಳು ಮಾಯವಾದವು. ಆ ತರುಣಿಯರು ಸುಳ್ಳು ಹೇಳಿದರೆಂದು ತಿಳಿಯುವುದು ತಪ್ಪು. ದಣಿದ ಕಣ್ಣು ಕತ್ತಲೆಯಲ್ಲಿ ತಾನು ಕಾದಿರುವುದನ್ನೇ ಕಾಣುತ್ತದೆ. ಅವರಿಗೆ ಉತ್ತರವನ್ನು ಮೊದಲೇ ಹೇಳಿಕೊಟ್ಟವರ ಮೇಲೆಯೇ ತಪ್ಪನ್ನು ಹೊರಿಸಬೇಕೆಂಬುದು ನಮ್ಮ ಅಭಿಪ್ರಾಯ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಕಣ್ಣಿಗೆ ಬದಲು ಯಂತ್ರ ಬಂದಿತು. ೧೯೪೪ರಲ್ಲಿ ಕರನ್ ಮತ್ತು ಬೇಕರ್ ಎಂಬವರು ಸತುವಿನ ಸಲ್ಫೈಡಿನ ಪರದೆಯ ಮುಂದೆ ದ್ಯುತಿವರ್ಧಕ ನಳಿಗೆಯನ್ನಿಟ್ಟರು. ಈ ನಳಿಗೆಯ ಗಾಜಿನ ಒಳಮೈಯಲ್ಲಿ ಒಂದು ತೆಳುವಾದ ಲೇಪವಿದೆ. ಬೆಳಕಿನ ಕಣವೊಂದು ಬಿದ್ದಾಗ ಲೇಪವು ಕೆಲವೊಮ್ಮೆ ಒಂದು ಎಲೆಕ್ಟ್ರಾನನ್ನು ಉದುರಿಸುತ್ತದೆ. ಅದು ಒಂದು ಫಲಕಕ್ಕೆ ಬಡಿದು ನಾಲ್ಕಾರನ್ನು ಎಬ್ಬಿಸುತ್ತದೆ, ಅವು ಮುಂದಿನ ಫಲಕದಲ್ಲಿ ಮತ್ತಷ್ಟನ್ನು. ಹೀಗೆ ಹತ್ತು ಮೆಟ್ಟಿಲು ಇಳಿಯುವಾಗ ಒಂದು ಎಲೆಕ್ಟ್ರಾನು ಲಕ್ಷಗಟ್ಟಲೆಯಾಗುತ್ತದೆ. ಹೊರಗೆ ಒಂದು ವಿದ್ಯುತ್ ತುಡಿತ ಬರುತ್ತದೆ. ಬೆಳಕು ಹೆಚ್ಚಿದ್ದಷ್ಟೂ ತುಡಿತ ಎತ್ತರ. ೧೯೪೮ರಲ್ಲಿ ರಾಬರ್ಟ್ ಹಾಫ್‌ಸ್ಟ್ಯಾಡ್ಟರರು ಥ್ಯಾಲಿಯಂ ಬೆರೆಸಿದ ಸೋಡಿಯಂ ಅಯೊಡೈಡಿನ ಗುಣವನ್ನು ಪ್ರಕಟಿಸಿದರು. ಅಂದಿನಿಂದ ಇಂದಿನವರೆಗೆ ಯಾವ ಹೊಸ ಹರಳು ಬಂದರೂ ಅದನ್ನು ಹೋಲಿಸಿ ನೋಡುವುದು ಈ ಹಳೆಯದರೊಡನೆಯೇ.

ಅಳತೆಯ ಕ್ರಮ ಹೀಗಿದೆ. ಹರಳನ್ನು ಬಿಳಿಯ ಟೆಫ್ಲಾನ್ ಪಟ್ಟಿಯಿಂದ ಸುತ್ತುತ್ತೇವೆ (ನಲ್ಲಿ ಜೋಡಿಸುವವರು ತಿರುಪಿಗೆ ಸುತ್ತುವ ಪಟ್ಟಿಯೇ ಅದು, ಬೆಳಕನ್ನು ಹಿಂದಕ್ಕೆ ಕಳಿಸುವುದರಲ್ಲಿ ಅದಕ್ಕೆ ಸಮಾನವಾದವು ಕಡಮೆ). ಒಂದು ಮುಖವನ್ನು ಮಾತ್ರ ತೆರೆದಿಟ್ಟು, ನಡುವೆ ಗಾಳಿ ಉಳಿಯದಂತೆ ಸಿಲಿಕೋನ್ ಜಿಡ್ಡನ್ನು ಹಚ್ಚಿ ನಳಿಗೆಗೆ ಅಂಟಿಸುತ್ತೇವೆ. ಸೋಡಿಯಂ ಅಯೊಡೈಡಿಗೆ ಈ ಉಪಚಾರವನ್ನು ತೆರೆದ ಗಾಳಿಯಲ್ಲಿ ಮಾಡುವಂತಿಲ್ಲ. ಆಟಿ ತಿಂಗಳಲ್ಲಿ ನಮ್ಮ ಮನೆಗಳ ಉಪ್ಪಿನ ಭರಣಿಯ ಗತಿಯೇ ಅದರದ್ದೂ ಆಗುವುದರಿಂದ ಅದನ್ನು ಡಬ್ಬಿಯಲ್ಲಿ ಮೊಹರು ಮಾಡಿಯೇ ಇರಿಸುತ್ತಾರೆ. ಬಳಿಕ ಸೀಸಿಯಂ-೧೩೭ರ ಒಂದು ಚಿಕ್ಕ ಮೂಲವನ್ನು ಮುಂದಿಡುತ್ತೇವೆ. ಅದರ ಗಾಮಾ ಕಿರಣದ ಶಕ್ತಿ ೬೬೨ ಕಿಲೋ ಎಲೆಕ್ಟ್ರಾನ್ ವೋಲ್ಟ್. ಈ ಉದ್ದದ ಹೆಸರನ್ನು ಮುಂದೆ ಕೆ.ಇ.ವಿ. ಎಂದು ಚುಟುಕಾಗಿ ಹೇಳುವೆವು.

ತುಡಿತಗಳು ಬರತೊಡಗುತ್ತವೆ. ನಮ್ಮ ಊರಿನ ಅಂಗಳಗಳಲ್ಲಿ ಸುಲಿದ ಅಡಿಕೆಯನ್ನು ಪಟೋರ, ಉಳ್ಳಿಗಡ್ಡೆ, ಕರಿಗೋಟು ಎಂದು ಹೆಕ್ಕಿ ಬೇರೆ ಬೇರೆ ರಾಶಿ ಹಾಕುವಂತೆ, ಯಂತ್ರವು ಪ್ರತಿಯೊಂದು ತುಡಿತದ ಎತ್ತರವನ್ನು ನೋಡಿ ಅದನ್ನು ಸಾವಿರ ಗೂಡುಗಳಲ್ಲಿ ಒಂದಕ್ಕೆ ಹಾಕುತ್ತದೆ. ಕಿರಣವು ತನ್ನ ಶಕ್ತಿಯೆಲ್ಲವನ್ನೂ ಹರಳಿಗೆ ಒಪ್ಪಿಸಿದ್ದಾದರೆ ತುಡಿತ ಪೂರ್ತಿ ಎತ್ತರಕ್ಕೆ ಬಂದು ಅಲ್ಲಿ ಒಂದು ಶಿಖರವೇಳುತ್ತದೆ. ಎಲೆಕ್ಟ್ರಾನೊಂದಕ್ಕೆ ಡಿಕ್ಕಿ ಹೊಡೆದು ಸ್ವಲ್ಪವನ್ನು ಕೊಟ್ಟು ಹೊರಗೆ ಪಾರಾದರೆ ತುಡಿತ ತಗ್ಗಿನಲ್ಲಿ ಬೀಳುತ್ತದೆ. ಅಂತಹವುಗಳ ದಿಣ್ಣೆ ೪೭೭ ಕೆ.ಇ.ವಿ.ಯ ಬಳಿಯಲ್ಲಿ ಕಡಿದಂತೆ ನಿಲ್ಲುತ್ತದೆ. ಶಿಖರ ಎಲ್ಲಿದೆಯೆಂಬುದು ಹರಳಿನ ಬೆಳಕಿನ ಪ್ರಮಾಣವನ್ನು ಹೇಳುತ್ತದೆ. ಶಿಖರ ಎಷ್ಟು ಅಗಲವೆಂಬುದು ಹರಳಿನ ಮಾತು ಎಷ್ಟು ಖಚಿತವೆಂಬುದನ್ನು ಹೇಳುತ್ತದೆ.

ಇನ್ನು ಒಂದು ಸಣ್ಣ ಲೆಕ್ಕ. ಹತ್ತನೆಯ ತರಗತಿಯವರು ಕಾಗದ ತೆಗೆದುಕೊಳ್ಳಬಹುದು. ಸೋಡಿಯಂ ಅಯೊಡೈಡ್ ಒಂದು ಕೆ.ಇ.ವಿ.ಗೆ ಸುಮಾರು ೩೮ ಬೆಳಕಿನ ಕಣಗಳನ್ನು ಕೊಡುತ್ತದೆ. ಶಕ್ತಿಯ ಲೆಕ್ಕದಲ್ಲಿ ರೂಪಾಯಿಗೆ ಹನ್ನೆರಡು ಪೈಸೆಯಷ್ಟು ಮಾತ್ರ ಬೆಳಕಾಯಿತು. ಉಳಿದದ್ದು ಶಾಖವಾಗಿ ಹೋಯಿತು. ೬೬೨ಕ್ಕೆ ಸುಮಾರು ೨೫,೦೦೦ ಕಣಗಳು. ಎಲ್ಲವೂ ನಳಿಗೆಯನ್ನು ತಲುಪುವವೆಂದು ಉದಾರವಾಗಿ ಎಣಿಸಿದರೂ ನಾಲ್ಕರಲ್ಲಿ ಒಂದು ಮಾತ್ರ ಎಲೆಕ್ಟ್ರಾನನ್ನು ಉದುರಿಸುತ್ತದೆ. ಹಾಗಾಗಿ ಸುಮಾರು ೬,೦೦೦. ಇಂತಹ ಯಾದೃಚ್ಛಿಕ ಎಣಿಕೆಯಲ್ಲಿ ಏರಿಳಿತವು ಸಂಖ್ಯೆಯ ವರ್ಗಮೂಲದಷ್ಟಿರುತ್ತದೆ, ಎಂದರೆ ಸುಮಾರು ೭೮. ಶಿಖರದ ಅರ್ಧ ಎತ್ತರದಲ್ಲಿ ಅಗಲವನ್ನು ತೆಗೆಯುವುದು ವಾಡಿಕೆಯಾದುದರಿಂದ ಇದನ್ನು ೨.೩೫ರಿಂದ ಗುಣಿಸಿದರೆ, ಅಗಲವು ನೂರಕ್ಕೆ ೩ ಇರಬೇಕು. ನಳಿಗೆಯ ಸ್ವಂತ ಏರಿಳಿತವನ್ನು ಸೇರಿಸಿಕೊಂಡರೂ ೪ನ್ನು ದಾಟಬಾರದು.

ಆದರೆ ಅಳೆದರೆ ಸಿಗುವುದು ೭.

ಒಳ್ಳೆಯ ಹರಳು, ಒಳ್ಳೆಯ ನಳಿಗೆ, ಕೈಚಳಕವುಳ್ಳ ಕೆಲಸಗಾರ, ಎಲ್ಲ ಇದ್ದರೂ ಆರೂವರೆ, ಏಳು. ನಾವು ಕೆಲಸಕ್ಕೆ ಸೇರಿದ ಹೊಸತರಲ್ಲಿ ಈ ವ್ಯತ್ಯಾಸವನ್ನು ನಮ್ಮ ಕೈಯ ದೋಷವೆಂದೇ ತಿಳಿದು, ಜಿಡ್ಡನ್ನು ಒರೆಸಿ ಒರೆಸಿ ಮತ್ತೆ ಹಚ್ಚುತ್ತ ಎಷ್ಟೋ ದಿನಗಳನ್ನು ಕಳೆದೆವು. ದೋಷ ಹರಳಿನ ಸ್ವಭಾವದಲ್ಲಿಯೇ ಇತ್ತು. ಎಂಗಲ್‌ಕೆಮೈರ್ ಎಂಬವರು ೧೯೫೬ರಲ್ಲಿಯೇ, ಬೇರೆ ಬೇರೆ ಶಕ್ತಿಯ ಕಿರಣಗಳಿಗೆ ಈ ಹರಳು ಕೊಡುವ ಬೆಳಕು ಶಕ್ತಿಗೆ ಸರಿಯಾದ ಪ್ರಮಾಣದಲ್ಲಿ ಇರುವುದಿಲ್ಲವೆಂದು ಅಳೆದು ತೋರಿಸಿದ್ದರು. ಹತ್ತಿಪ್ಪತ್ತು ಕೆ.ಇ.ವಿ.ಯ ಸಣ್ಣ ಕಿರಣಕ್ಕೆ ಅದು ಕೊಡುವ ಬೆಳಕು, ಕೆ.ಇ.ವಿ. ಒಂದಕ್ಕೆ ಲೆಕ್ಕ ಹಾಕಿದರೆ, ೬೬೨ರದಕ್ಕಿಂತ ನೂರಕ್ಕೆ ಹದಿನೈದರ ಆಸುಪಾಸಿನಲ್ಲಿ ಹೆಚ್ಚು.

ಇದರಿಂದ ಶಿಖರವೇಕೆ ಅಗಲವಾಗಬೇಕು? ಒಬ್ಬ ವಿಚಿತ್ರ ಅಂಗಡಿಯವನನ್ನು ಊಹಿಸಿಕೊಳ್ಳಿ. ದೊಡ್ಡ ನೋಟು ಕೊಟ್ಟರೆ ಅದರ ಬೆಲೆಗೆ ಸರಿಯಾಗಿ ಸಾಮಾನು ಕೊಡುತ್ತಾನೆ; ಚಿಲ್ಲರೆ ಕೊಟ್ಟರೆ ಸಂತೋಷಪಟ್ಟು ಸ್ವಲ್ಪ ಹೆಚ್ಚು ತೂಗುತ್ತಾನೆ. ೬೬೨ ರೂಪಾಯಿ ಹಿಡಿದು ಹೋದ ನೂರು ಮಂದಿಯಲ್ಲಿ ಒಬ್ಬೊಬ್ಬನ ನೋಟು ಚಿಲ್ಲರೆಗಳ ಹಂಚಿಕೆ ಒಂದೊಂದು ಬಗೆ. ಆದುದರಿಂದ ಎಲ್ಲರೂ ಒಂದೇ ಹಣ ಕೊಟ್ಟಿದ್ದರೂ ಅವರ ಚೀಲಗಳ ತೂಕ ಒಂದೇ ಆಗುವುದಿಲ್ಲ. ಗಾಮಾ ಕಿರಣವೂ ಹಾಗೆಯೇ. ಒಮ್ಮೆ ತನ್ನ ಶಕ್ತಿಯನ್ನೆಲ್ಲ ಒಂದೇ ಎಲೆಕ್ಟ್ರಾನಿಗೆ ಕೊಡುತ್ತದೆ. ಇನ್ನೊಮ್ಮೆ ಎರಡು ಮೂರು ಡಿಕ್ಕಿಗಳಲ್ಲಿ ಚಿಲ್ಲರೆ ಮಾಡಿ ಕೊಡುತ್ತದೆ. ಒಟ್ಟು ಅದೇ, ಬೆಳಕು ಬೇರೆ.

ಈ ಅಂಗಡಿಯವನ ಗುಟ್ಟನ್ನು ನೇರವಾಗಿ ಹಿಡಿಯುವ ಉಪಾಯವೊಂದು ೧೯೯೦ರ ದಶಕದಲ್ಲಿ ಬಳಕೆಗೆ ಬಂದಿತು. ನಮಗೆ ಬಹಳ ಮೆಚ್ಚುಗೆಯಾದ ಉಪಾಯವದು. ಕಿರಣವು ಹರಳಿನಲ್ಲಿ ಒಮ್ಮೆ ಡಿಕ್ಕಿ ಹೊಡೆದು ಯಾವ ಕೋನದಲ್ಲಿ ಹೊರಬಿತ್ತೆಂಬುದು ಗೊತ್ತಾದರೆ, ಒಳಗೆ ಎಲೆಕ್ಟ್ರಾನಿಗೆ ಎಷ್ಟು ಶಕ್ತಿ ಕೊಟ್ಟಿತೆಂಬುದನ್ನು ಕಾಂಪ್ಟನ್ನರ ಸೂತ್ರದಿಂದ ಲೆಕ್ಕ ಹಾಕಬಹುದು. ಆ ಕೋನದಲ್ಲಿ ಇನ್ನೊಂದು ಶೋಧಕವನ್ನು ನಿಲ್ಲಿಸಿ, ಎರಡರಲ್ಲಿಯೂ ಏಕಕಾಲಕ್ಕೆ ತುಡಿತ ಬಂದಾಗ ಮಾತ್ರ ಬರೆದುಕೊಳ್ಳುವುದು. ಕೋನವನ್ನು ಬದಲಿಸುತ್ತ ಹೋದರೆ, ಪ್ರತಿಯೊಂದು ಶಕ್ತಿಯ ಎಲೆಕ್ಟ್ರಾನಿಗೂ ಹರಳು ಎಷ್ಟು ಬೆಳಕು ಕೊಡುತ್ತದೆಂಬುದು ಸಿಕ್ಕಿಹಾಕಿಕೊಳ್ಳುತ್ತದೆ. ೨೦೦೧ರಲ್ಲಿ ಹಾಲೆಂಡಿನ ಡೆಲ್ಫ್ಟ್‌ನವರು ಪ್ರಕಟಿಸಿದ, ಸೀರಿಯಂ ಬೆರೆಸಿದ ಲ್ಯಾಂಥನಂ ಬ್ರೋಮೈಡಿನಲ್ಲಿ ಈ ಪಕ್ಷಪಾತ ಬಹಳ ಕಡಮೆ, ಬೆಳಕೂ ಹೆಚ್ಚು. ಅದರ ಶಿಖರದ ಅಗಲ ನೂರಕ್ಕೆ ಸುಮಾರು ೩. ಇನ್ನೊಂದು ವಿನೋದವೆಂದರೆ, ಯೂರೋಪಿಯಂ ಬೆರೆಸಿದ ಸ್ಟ್ರಾನ್ಷಿಯಂ ಅಯೊಡೈಡಿಗೆ ಹಾಫ್‌ಸ್ಟ್ಯಾಡ್ಟರರು ೧೯೬೮ರಲ್ಲಿಯೇ ಪೇಟೆಂಟ್ ಪಡೆದಿದ್ದರು. ಅದು ನಲ್ವತ್ತು ವರ್ಷ ಮೂಲೆಯಲ್ಲಿ ಬಿದ್ದಿದ್ದು, ೨೦೦೮ರಲ್ಲಿ ಮತ್ತೆ ಅಳೆದಾಗ ಅತ್ಯುತ್ತಮ ಹರಳುಗಳ ಸಾಲಿಗೆ ಸೇರಿತು.

ಹರಳಿಗೊಂದು ಪಕ್ಷಪಾತವಾದರೆ, ನೋಡುವ ಯಂತ್ರಕ್ಕೆ ಇನ್ನೊಂದು. ಸೀಸಿಯಂ ಅಯೊಡೈಡ್ ಎಂಬ ಹರಳು ಸೋಡಿಯಂ ಅಯೊಡೈಡಿಗಿಂತ ಹೆಚ್ಚು ಬೆಳಕು ಕೊಡುತ್ತದೆ. ಆದರೆ ಅದರ ಬೆಳಕು ಹಸುರು-ಹಳದಿ. ಸಾಮಾನ್ಯ ನಳಿಗೆಯ ಲೇಪಕ್ಕೆ ನೀಲಿಯ ಮೇಲೆ ಪ್ರೀತಿ. ಹಾಗಾಗಿ ನಳಿಗೆಯಲ್ಲಿ ಅಳೆದರೆ ಸೀಸಿಯಂ ಅಯೊಡೈಡಿನ ತುಡಿತವು ಸೋಡಿಯಂನದರ ಅರ್ಧಕ್ಕೂ ಕಡಮೆ! ನಳಿಗೆಯನ್ನು ತೆಗೆದು ಸಿಲಿಕಾನ್ ದ್ಯುತಿಡಯೋಡನ್ನು ಇಟ್ಟರೆ ತೀರ್ಪು ತಲೆಕೆಳಗಾಗುತ್ತದೆ. ಕಾಲದ ವಿಚಾರವೂ ಇದೆ. ಸೋಡಿಯಂ ಅಯೊಡೈಡ್ ತನ್ನ ಬೆಳಕಿನ ಹೆಚ್ಚಿನ ಪಾಲನ್ನು ಸೆಕೆಂಡಿನ ಕೋಟಿಯಲ್ಲಿ ಕೆಲವು ಪಾಲುಗಳೊಳಗೆ ಸುರಿದುಬಿಡುತ್ತದೆ. ಸೀಸಿಯಂ ಅಯೊಡೈಡಿಗೆ ಅದರ ನಾಲ್ಕೈದು ಪಟ್ಟು ಹೊತ್ತು ಬೇಕು. ಅವಸರದಿಂದ ಬಾಗಿಲು ಮುಚ್ಚುವ ಯಂತ್ರಕ್ಕೆ ನಿಧಾನದ ಹರಳು ಬಡವನಂತೆ ಕಾಣುತ್ತದೆ. ಆದುದರಿಂದ ‘ಈ ಹರಳಿನ ಬೆಳಕು ಇಷ್ಟು’ ಎಂದು ಯಾರಾದರೂ ಬರೆದಿದ್ದರೆ, ಯಾವುದರಿಂದ ನೋಡಿದಿರಿ, ಎಷ್ಟು ಹೊತ್ತು ಕಾದಿರಿ ಎಂದು ಕೇಳದೆ ಒಪ್ಪಬಾರದು.

ಎಷ್ಟು ಸೆಕೆಯಿತ್ತು ಎಂಬುದನ್ನೂ ಕೇಳಬೇಕು. ಇದನ್ನು ನಾವು ನಾಚಿಕೆಪಟ್ಟು ಕಲಿತೆವು. ಬಿಸ್ಮತ್ ಜರ್ಮನೇಟ್ ಎಂಬ ಭಾರವಾದ ಹರಳೊಂದನ್ನು ನಾವು ಪರೀಕ್ಷಿಸುತ್ತಿದ್ದ ಕಾಲದಲ್ಲಿ ಅದರ ಶಿಖರವು ದಿನೇ ದಿನೇ ತಗ್ಗುತ್ತ, ಒಂದು ವಾರದಲ್ಲಿ ಹತ್ತನೆಯ ಒಂದು ಪಾಲಿನಷ್ಟು ಇಳಿದುಬಿಟ್ಟಿತು. ಹರಳು ಕೆಟ್ಟಿದೆಯೆಂದು ದಾಖಲೆ ಪುಸ್ತಕದಲ್ಲಿ ಬರೆದು, ಒದಗಿಸಿದವರಿಗೆ ಖಾರವಾದ ಪತ್ರವೊಂದನ್ನೂ ಬೆರಳಚ್ಚು ಮಾಡಿಸಿದೆವು. ಪತ್ರವನ್ನು ಅಂಚೆಗೆ ಹಾಕಬೇಕಾಗಿದ್ದ ಜವಾನನು ಅದನ್ನು ಕೈಯಲ್ಲಿ ಹಿಡಿದು, “ಸಾರ್, ನಾನು ಬೆಳಿಗ್ಗೆ ಕಸ ಗುಡಿಸುವಾಗ ಆ ಗುಡ್ಡೆ ಹಳೆಯ ಜಾಗದಲ್ಲೇ ಇರುತ್ತದೆ. ಮಧ್ಯಾಹ್ನ ನೀವು ಬಂದ ಮೇಲೆ ಇಳಿಯುತ್ತದೆ,” ಎಂದನು. ಅದು ಏಪ್ರಿಲ್ ತಿಂಗಳು. ಕೋಣೆಯ ತಂಪುಯಂತ್ರ ಕೆಟ್ಟು ಒಂದು ವಾರವಾಗಿತ್ತು. ಈ ಹರಳಿನ ಬೆಳಕು ಒಂದು ಡಿಗ್ರಿ ಸೆಕೆ ಏರಿದರೆ ನೂರಕ್ಕೆ ಒಂದರಷ್ಟು ಕುಂದುತ್ತದೆಂಬುದನ್ನು ನಾವು ಪುಸ್ತಕದಲ್ಲಿ ಓದಿಯೂ ಇದ್ದೆವು. ಪತ್ರವನ್ನು ಹರಿದುಹಾಕಿದೆವು. ಮರುದಿನ ಆತನೇ ಗೋಡೆಗೆ ಒಂದು ಉಷ್ಣಮಾಪಕವನ್ನು ತೂಗುಹಾಕಿದನು.

ಇಂತಹ ಎಚ್ಚರವಿಲ್ಲದೆ ದೊಡ್ಡ ಕೆಲಸವೂ ನಡೆಯದು. ಜಿನೀವಾದ ಬಳಿಯ ಸರ್ನ್ ಸಂಸ್ಥೆಯಲ್ಲಿ ಸಿ.ಎಂ.ಎಸ್. ಎಂಬ ಮಹಾಯಂತ್ರಕ್ಕೆ ಸೀಸದ ಟಂಗ್‌ಸ್ಟೇಟಿನ ೭೫,೮೪೮ ಹರಳುಗಳನ್ನು ಜೋಡಿಸಿದರು. ಒಂದು ಡಿಗ್ರಿಗೆ ಅವುಗಳ ಬೆಳಕು ನೂರಕ್ಕೆ ಎರಡರಷ್ಟು ಬದಲಾಗುವುದರಿಂದ ೧೮ ಡಿಗ್ರಿಯಲ್ಲಿ, ಇಪ್ಪತ್ತನೆಯ ಒಂದು ಡಿಗ್ರಿಯೂ ಅತ್ತಿತ್ತ ಆಗದಂತೆ ಕಾಯ್ದುಕೊಂಡರು. ೨೦೧೨ರ ಜುಲೈ ೪ರಂದು ಹಿಗ್ಸ್ ಕಣದ ಸುದ್ದಿ ಹೊರಬಿದ್ದಾಗ, ಅದಕ್ಕೆ ಆಧಾರವಾದ ಗುರುತುಗಳಲ್ಲಿ ಒಂದು ಈ ಹರಳುಗಳಲ್ಲಿ ಅಳೆದ ಜೋಡಿ ಗಾಮಾ ಕಿರಣಗಳು.

ಜಿನೀವಾ ದೂರವಾಯಿತು. ಗಂಟಲಿನ ಥೈರಾಯ್ಡ್ ಗ್ರಂಥಿಯ ತೊಂದರೆಯುಳ್ಳ ಒಬ್ಬ ತಾಯಿಗೆ ವೈದ್ಯರು ತೀರ ಅಲ್ಪಪ್ರಮಾಣದ ಅಯೊಡಿನ್-೧೩೧ ಕುಡಿಸುತ್ತಾರೆ. ಮರುದಿನ ಸೋಡಿಯಂ ಅಯೊಡೈಡಿನ ಹರಳನ್ನು ಅವರ ಕುತ್ತಿಗೆಯ ಮುಂದಿಟ್ಟು ೩೬೪ ಕೆ.ಇ.ವಿ.ಯ ಕಿರಣಗಳನ್ನು ಎಣಿಸುತ್ತಾರೆ. ಅಷ್ಟೇ ದೂರದಲ್ಲಿರಿಸಿದ ತಿಳಿದ ಮೊತ್ತದ ಮಾದರಿಯನ್ನೂ ಎಣಿಸಿ, ಗ್ರಂಥಿ ನೂರಕ್ಕೆ ಎಷ್ಟು ಹೀರಿತೆಂದು ಹೇಳುತ್ತಾರೆ. ಶಿಖರದ ಎರಡು ಬದಿಗೆ ಗೆರೆ ಹಾಕಿ ಅದರೊಳಗೆ ಬಿದ್ದದ್ದನ್ನು ಮಾತ್ರ ಎಣಿಸುವುದು ಪದ್ಧತಿ. ಎರಡು ಎಣಿಕೆಗಳ ನಡುವೆ ಸೆಕೆಯಿಂದಲೋ ವಿದ್ಯುತ್ತಿನ ಏರಿಳಿತದಿಂದಲೋ ಶಿಖರ ಗೆರೆಯಾಚೆ ಜಾರಿತೆನ್ನಿ. ಆ ತಾಯಿಗೆ ಕೊಡುವ ಔಷಧದ ಲೆಕ್ಕವೇ ತಪ್ಪಿಹೋದೀತು. ಆದುದರಿಂದಲೇ ಅಲ್ಲಿಯ ತಂತ್ರಜ್ಞರು ಪ್ರತಿದಿನ ಬೆಳಿಗ್ಗೆ ರೋಗಿಗಳು ಬರುವ ಮುನ್ನ ಸೀಸಿಯಂ ಮೂಲವನ್ನಿಟ್ಟು ಶಿಖರವು ೬೬೨ರಲ್ಲಿಯೇ ಇದೆಯೇ ಎಂದು ನೋಡಿಕೊಳ್ಳುವುದು.

ನಮ್ಮ ಈ ಕರಾವಳಿಗೂ ಇದರ ಸಂಬಂಧವುಂಟು. ದಕ್ಷಿಣ ಕೇರಳದ ಕರುನಾಗಪ್ಪಳ್ಳಿಯ ಸುತ್ತಿನ ಮರಳಿನಲ್ಲಿ ಥೋರಿಯಂ ಇರುವ ಮೊನಜೈಟ್ ಹೇರಳವಾಗಿದೆ. ಉಳ್ಳಾಲದ ಕಡಲತಡಿಯಲ್ಲಿಯೂ ಅಲ್ಲಲ್ಲಿ ಇದೆಯೆಂದು ಮಂಗಳೂರು ವಿಶ್ವವಿದ್ಯಾನಿಲಯದ ವಿದ್ವಾಂಸರು ೧೯೯೩ರಲ್ಲಿ ಪ್ರಕಟಿಸಿದರು. ಕರುನಾಗಪ್ಪಳ್ಳಿಯಲ್ಲಿ ಹರಳಿನ ಮಾಪಕವನ್ನು ಹಿಡಿದು ಮನೆಮನೆಗೆ ಹೋಗಿ, ಒಳಗೂ ಹೊರಗೂ ಅಳೆದರು. ಆದರೆ ಎಣಿಕೆಯೇ ದೇಹಕ್ಕೆ ತಾಗುವ ಪ್ರಮಾಣವಲ್ಲ. ಈ ಹರಳು ಕಡಮೆ ಶಕ್ತಿಯ ಕಿರಣಗಳನ್ನು ಹೆಚ್ಚು ಉತ್ಸಾಹದಿಂದ ಹಿಡಿಯುತ್ತದೆ. ನೆಲದಿಂದ ಚದರಿ ಬರುವ ಕಿರಣಗಳಲ್ಲಿ ಅಂತಹವೇ ಬಹಳ. ತಿದ್ದುಪಡಿಯಿಲ್ಲದೆ ಓದಿದರೆ ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ. ತಲೆಮಾರುಗಳಿಂದ ಆ ಮರಳಿನ ಮೇಲೆ ಬಾಳುತ್ತಿರುವವರಿಗೆ ನಿಮ್ಮ ನೆಲ ಇಂತಹುದೆಂದು ಹೇಳಬೇಕಾದಾಗ ಇದು ಸಣ್ಣ ಮಾತಲ್ಲ. ಆ ಜನರ ಆರೋಗ್ಯವನ್ನು ಬಹುಕಾಲ ಅನುಸರಿಸಿ ೨೦೦೯ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ನೆಲದ ವಿಕಿರಣದಿಂದ ಅರ್ಬುದರೋಗ ಹೆಚ್ಚಾದುದು ಕಂಡುಬರಲಿಲ್ಲ.

ಇನ್ನು ಮೇಜಿನ ಕಡೆಗೆ ಬರೋಣ. ಸೀಸಿಯಂ ಮೂಲವನ್ನು ಹೀಗೆ ಶಾಲೆಗೆ ಹೊತ್ತು ತರುವಂತಿಲ್ಲ, 그ದಕ್ಕಾಗಿಯೇ ಪೊಟ್ಯಾಷ್.